ಹುಬ್ಬಳ್ಳಿಯಿಂದ ಕಠ್ಮಂಡುವಿಗೆ ಎಷ್ಟು ದೂರ, ಎಷ್ಟು ತಾಸು? ನೀವೇ ಲೆಕ್ಕ ಹಾಕುವ ಬಗೆ

ಹುಬ್ಬಳ್ಳಿಯಿಂದ ಕಠ್ಮಂಡುವಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಉತ್ತರ ಥಟ್ಟನೆ ಬರುತ್ತದೆ: ಸುಮಾರು 1733 ಕಿ.ಮೀ., ವಿಮಾನದಲ್ಲಿ 2 ತಾಸು 40 ನಿಮಿಷ. ದೂರದ ಅಂಕಿ ಸರಿಯಾಗಿಯೇ ಇದೆ. ಆದರೆ ಆ 2 ತಾಸು 40 ನಿಮಿಷದ ವಿಮಾನ ಎಲ್ಲಿಯೂ ಇಲ್ಲ. ಹುಬ್ಬಳ್ಳಿಯಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ, ದೆಹಲಿ, ಮುಂಬೈ ಅಥವಾ ಬೆಂಗಳೂರಿನಲ್ಲಿ ಇಳಿದು ಬೇರೆ ವಿಮಾನ ಹತ್ತಲೇಬೇಕು. ಈ ಅಂಕಿಯನ್ನು ನಂಬಿ, ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಪಶುಪತಿನಾಥನ ದರ್ಶನ ಮುಗಿಸೋಣ ಎಂದು ವಯಸ್ಸಾದ ತಂದೆ-ತಾಯಿಯನ್ನು ಹೊರಡಿಸಿದರೆ ಕಷ್ಟಪಡುವವರು ಅವರೇ.

ನಮ್ಮ ಕಡೆಯವರಿಗೆ ಕಠ್ಮಂಡು ದೂರದ ಊರಾದರೂ ಪರಕೀಯವಲ್ಲ. ಪಶುಪತಿನಾಥ ದೇವಾಲಯದ ಭಟ್ಟರು ಪರಂಪರೆಯಿಂದ ಕರ್ನಾಟಕದವರು. ಕಠ್ಮಂಡು ಕಣಿವೆಯ ಭಕ್ತಪುರದಲ್ಲಿ ಜಂಗಮ ಮಠವಿದೆ. ಹಾಗಾಗಿ ಧಾರವಾಡ, ಗದಗ, ಹಾವೇರಿ ಕಡೆಯಿಂದ ಯಾತ್ರೆಗೆ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಲೆಕ್ಕದ ರೀತಿ ಮಾತ್ರ ಯಾವ ಎರಡು ವಿಮಾನ ನಿಲ್ದಾಣಗಳಿಗಾದರೂ ಒಂದೇ.

ಹಂತ 1: ಊರಿನ ಹೆಸರು ಬಿಡಿ, ನಿಲ್ದಾಣ ಹಿಡಿಯಿರಿ

ದೂರವನ್ನು ಅಳೆಯಬೇಕಾದ್ದು ಊರಿನಿಂದ ಊರಿಗಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ. ಹುಬ್ಬಳ್ಳಿಯದು ಗೋಕುಲ ರಸ್ತೆಯಲ್ಲೇ ಇರುವುದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಬೆಂಗಳೂರಿನ ನಿಲ್ದಾಣ ದೇವನಹಳ್ಳಿಯಲ್ಲಿದೆ, ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಕೊಲಂಬೊದ್ದು ಊರಿನ ಉತ್ತರಕ್ಕೆ ಕಟುನಾಯಕೆಯಲ್ಲಿದೆ.

ನೇಪಾಳದಲ್ಲಿ ಈಗ ಅಂತರರಾಷ್ಟ್ರೀಯ ನಿಲ್ದಾಣ ಮೂರು: ಕಠ್ಮಂಡುವಿನ ತ್ರಿಭುವನ, 2022ರಲ್ಲಿ ಶುರುವಾದ ಭೈರಹವಾದ ಗೌತಮ ಬುದ್ಧ, 2023ರಲ್ಲಿ ಶುರುವಾದ ಪೋಖರಾ. ಲುಂಬಿನಿಗೆ ಹೋಗುವವರಿಗೆ ಭೈರಹವಾ ಹತ್ತಿರ, ಮುಕ್ತಿನಾಥಕ್ಕೆ ಹೋಗುವವರು ಪೋಖರಾ ಮೂಲಕ ಹೋಗುತ್ತಾರೆ. ಟಿಕೆಟ್ ಹುಡುಕುವಾಗ ಊರಿನ ಹೆಸರಿಗಿಂತ ಮೂರಕ್ಷರದ ಕೋಡ್ ಬಳಸಿ. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಕಠ್ಮಂಡುವಿಗೆ ಕೆಟಿಎಂ, ದೆಹಲಿಗೆ ಡಿಇಎಲ್, ಮುಂಬೈಗೆ ಬಿಒಎಂ, ಬೆಂಗಳೂರಿಗೆ ಬಿಎಲ್‌ಆರ್.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ, ಜೊತೆಗೆ ಎರಡು ಅಂಕಿ ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಎರಡು ದಶಮಾಂಶ ಸಾಕು.

ಹುಬ್ಬಳ್ಳಿ: 15.36, 75.08
ಕಠ್ಮಂಡು: 27.70, 85.36

ಕೆಲವು ಕಡೆ ಇದನ್ನೇ ಡಿಗ್ರಿ-ನಿಮಿಷ-ಸೆಕೆಂಡಿನಲ್ಲಿ ಕೊಟ್ಟಿರುತ್ತಾರೆ, ಹುಬ್ಬಳ್ಳಿಗೆ 15 ಡಿಗ್ರಿ 21 ನಿಮಿಷ 42 ಸೆಕೆಂಡು ಎಂದು. ಅದನ್ನು 15.21 ಎಂದು ಓದಬಾರದು. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು. ಆಗ 15.36 ಬರುತ್ತದೆ. 15.21 ಎಂದು ಹಾಕಿದರೆ ಆರಂಭದಲ್ಲೇ ಸುಮಾರು 17 ಕಿ.ಮೀ. ತಪ್ಪಾಯಿತು.

ಹಂತ 3: ನೇರ ದೂರವನ್ನು ಕೈಯಾರೆ ತೆಗೆಯಿರಿ

ಸುಲಭದ ದಾರಿ ಮ್ಯಾಪ್ಸ್‌ನಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಪಿನ್ ಹಾಕಿ, ‘ದೂರವನ್ನು ಅಳೆಯಿರಿ’ ಒತ್ತಿ, ನಕ್ಷೆಯನ್ನು ಕಠ್ಮಂಡುವಿನವರೆಗೆ ಎಳೆದರೆ ಕಿಲೋಮೀಟರ್ ಕಾಣುತ್ತದೆ. ಆದರೂ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ ಎನ್ನುತ್ತೇನೆ. ಹೈಸ್ಕೂಲಿನ ಪೈಥಾಗರಸ್ ಪ್ರಮೇಯ ಸಾಕು, ಮಕ್ಕಳನ್ನು ಕೂರಿಸಿಕೊಂಡೇ ಮಾಡಬಹುದು.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಭೂಮಿಯ ಮೇಲೆ ಸುಮಾರು 111 ಕಿ.ಮೀ. ಎರಡೂ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 27.70ರಲ್ಲಿ 15.36 ಕಳೆದರೆ 12.34. ಇದನ್ನು 111ರಿಂದ ಗುಣಿಸಿದರೆ 1370 ಕಿ.ಮೀ. ಕಠ್ಮಂಡು ನಮಗಿಂತ ಇಷ್ಟು ಉತ್ತರಕ್ಕಿದೆ.

ರೇಖಾಂಶದ ವ್ಯತ್ಯಾಸ 85.36ರಲ್ಲಿ 75.08 ಕಳೆದರೆ 10.28. ಇಲ್ಲಿ ನೇರವಾಗಿ 111ರಿಂದ ಗುಣಿಸಿ ಬಿಡುವ ಹಾಗಿಲ್ಲ, ಏಕೆಂದರೆ ರೇಖಾಂಶಗಳು ಧ್ರುವದ ಕಡೆಗೆ ಹೋದಂತೆಲ್ಲ ಒಂದಕ್ಕೊಂದು ಹತ್ತಿರವಾಗುತ್ತವೆ. ಎಷ್ಟು ಹತ್ತಿರವಾಗಿವೆ ಎಂಬುದನ್ನು ಹೇಳುವುದು ಕೊಸೈನ್. ಎರಡು ಅಕ್ಷಾಂಶಗಳ ಸರಾಸರಿ 21.53. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಹೆಚ್ಚಿನ ಫೋನುಗಳಲ್ಲಿ ವೈಜ್ಞಾನಿಕ ಕ್ಯಾಲ್ಕುಲೇಟರ್ ಬರುತ್ತದೆ. ಅದರಲ್ಲಿ 21.53ರ ಕೊಸೈನ್ ತೆಗೆಯಿರಿ, 0.93 ಬರಬೇಕು. ಮೈನಸ್ ಅಂಕಿಯೋ ಬೇರೇನೋ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದರ್ಥ, ಡಿಗ್ರಿಗೆ ಬದಲಿಸಿ. ಈಗ 10.28 ಗುಣಿಸು 111 ಗುಣಿಸು 0.93, ಉತ್ತರ 1061 ಕಿ.ಮೀ. ಇಷ್ಟು ಪೂರ್ವಕ್ಕಿದೆ.

ಉತ್ತರಕ್ಕೆ 1370, ಪೂರ್ವಕ್ಕೆ 1061. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 1733 ಕಿ.ಮೀ. ಭೂಮಿಯನ್ನು ಗೋಲವೆಂದು ಹಿಡಿದು ಪೂರ್ಣ ಸೂತ್ರದಿಂದ ತೆಗೆದರೂ ಇದೇ ಅಂಕಿ ಬರುತ್ತದೆ. ಸುಮಾರು ಎರಡು ಸಾವಿರ ಕಿ.ಮೀ. ಒಳಗಿನ ನೆರೆಹೊರೆಯ ದೇಶಗಳಿಗೆಲ್ಲ ಈ ಶಾಲೆಯ ಲೆಕ್ಕ ಧಾರಾಳವಾಗಿ ಸಾಕು. ಲಂಡನ್, ನ್ಯೂಯಾರ್ಕ್‌ಗೆ ಮಾತ್ರ ಇದು ನಡೆಯದು, ಅಲ್ಲಿ ಭೂಮಿಯ ದುಂಡನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದೊಂದು ತಾಣದಲ್ಲಿ ಐದಾರು ಕಿ.ಮೀ. ಹೆಚ್ಚುಕಡಿಮೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. 936 ಎಂದು ಕಂಡರೆ ಅದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. 1077 ಎಂದಿದ್ದರೆ ಸಾಮಾನ್ಯ ಮೈಲಿ. ಮೂರೂ ಒಂದೇ ದೂರ.

ಹಂತ 4: ವಿಮಾನ ನಿಜವಾಗಿ ಹೋಗುವ ದಾರಿಯನ್ನು ತುಂಡು ಮಾಡಿ

ಮೇಲಿನ 1733 ಹಕ್ಕಿ ಹಾರುವ ದೂರ. ನಾವು ಹಾರುವುದು ಎರಡು ತುಂಡಾಗಿ. ಅದೇ ಲೆಕ್ಕವನ್ನು ಪ್ರತಿ ತುಂಡಿಗೂ ಹಾಕಿದರೆ ಹೀಗೆ ಬರುತ್ತದೆ:

ಮುಂಬೈ ಮೂಲಕ: 477 + 1592 = 2069 ಕಿ.ಮೀ.
ಬೆಂಗಳೂರು ಮೂಲಕ: 371 + 1797 = 2168 ಕಿ.ಮೀ.
ದೆಹಲಿ ಮೂಲಕ: 1483 + 815 = 2298 ಕಿ.ಮೀ.

ನೋಡಿದವರಿಗೆಲ್ಲ ಆಶ್ಚರ್ಯವಾಗುವುದು ಇಲ್ಲೇ. ನೇಪಾಳ ಉತ್ತರಕ್ಕಿದೆ, ದೆಹಲಿಯೂ ಉತ್ತರಕ್ಕಿದೆ, ಹಾಗಾಗಿ ದೆಹಲಿಯೇ ಹತ್ತಿರದ ದಾರಿ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಮೂರರಲ್ಲಿ ಅದೇ ದೂರದ್ದು. ದೆಹಲಿ ನಮ್ಮ ನೆತ್ತಿಯ ಮೇಲಿದೆ, ರೇಖಾಂಶದ ವ್ಯತ್ಯಾಸ ಎರಡೇ ಡಿಗ್ರಿ. ಕಠ್ಮಂಡುವೋ ದೆಹಲಿಯ ಸರಿಸುಮಾರು ಅದೇ ಅಕ್ಷಾಂಶದಲ್ಲಿ, ಪೂರ್ವಕ್ಕಿದೆ. ಅಂದರೆ ಲಂಬಕೋನದ ಎರಡೂ ಬದಿ ಸುತ್ತಿದ ಹಾಗೆ: ಮೊದಲು ಉತ್ತರಕ್ಕೆ ಪೂರ್ತಿ ಹೋಗಿ, ಆಮೇಲೆ ಪೂರ್ವಕ್ಕೆ ಪೂರ್ತಿ ಹೋಗಬೇಕು. ದಕ್ಷಿಣಕ್ಕೆ ಬೆಂಗಳೂರಿಗೆ ಇಳಿದು ಹೋದರೂ ಅದಕ್ಕಿಂತ 130 ಕಿ.ಮೀ. ಕಡಿಮೆ.

ಹಾಗೆಂದು ದೆಹಲಿಯನ್ನು ಕೈಬಿಡಬೇಕಿಲ್ಲ. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

ಹಂತ 5: ಕಿಲೋಮೀಟರನ್ನು ತಾಸಿಗೆ ಇಳಿಸಿ

ಏರ್‌ಬಸ್ 320, ಬೋಯಿಂಗ್ 737 ತರಹದ ಜೆಟ್ ವಿಮಾನಕ್ಕೆ ತಾಸಿಗೆ 800 ಕಿ.ಮೀ. ಹಿಡಿಯಿರಿ. ಫ್ಯಾನ್ ತಿರುಗುವ ಎಟಿಆರ್ ವಿಮಾನಕ್ಕೆ 500. ಟಿಕೆಟ್ ತೆಗೆಯುವಾಗ ವಿಮಾನದ ಮಾದರಿಯನ್ನು ತೋರಿಸಿರುತ್ತಾರೆ, ನೋಡಿಕೊಳ್ಳಿ. ಬಂದ ಉತ್ತರಕ್ಕೆ 30 ನಿಮಿಷ ಕೂಡಿಸಿ. ನಿಂತಲ್ಲಿಂದ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು, ಮತ್ತೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಆ ಅರ್ಧ ತಾಸಿನಲ್ಲಿ ಸೇರಿತು. ಟಿಕೆಟ್ಟಿನಲ್ಲಿ ಬರೆಯುವ ಸಮಯವೂ ವಿಮಾನ ನಿಂತ ಜಾಗದಿಂದ ಹೊರಟಾಗಿನಿಂದ ಮತ್ತೆ ನಿಲ್ಲುವವರೆಗಿನದೇ, ಗಾಳಿಯಲ್ಲಿದ್ದಷ್ಟು ಹೊತ್ತಿನದಲ್ಲ.

ಹುಬ್ಬಳ್ಳಿ–ದೆಹಲಿ ಜೆಟ್ಟಿನಲ್ಲಿ 2 ತಾಸು 21 ನಿಮಿಷ, ದೆಹಲಿ–ಕಠ್ಮಂಡು 1 ತಾಸು 31 ನಿಮಿಷ, ಒಟ್ಟು 3:52. ಬೆಂಗಳೂರಿನವರೆಗೆ ಎಟಿಆರ್‌ನಲ್ಲಿ 1:15, ಅಲ್ಲಿಂದ ಜೆಟ್ಟಿನಲ್ಲಿ 2:45, ಒಟ್ಟು 4 ತಾಸು. ಮುಂಬೈನವರೆಗೆ ಎಟಿಆರ್‌ನಲ್ಲಿ 1:27, ಅಲ್ಲಿಂದ 2:29, ಒಟ್ಟು 3:56.

ಇನ್ನೂರು ಚಿಲ್ಲರೆ ಕಿಲೋಮೀಟರಿನ ವ್ಯತ್ಯಾಸ ಹಾರಾಟದ ಸಮಯಕ್ಕೆ ಬಂದಾಗ ಎಂಟು ನಿಮಿಷಕ್ಕೆ ಇಳಿಯಿತು. ಆದ್ದರಿಂದ ಯಾವ ದಾರಿ ಎಂದು ದೂರ ನೋಡಿ ಆರಿಸಬೇಡಿ. ಮಧ್ಯದ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೋಡಿ ಆರಿಸಿ. ಹುಬ್ಬಳ್ಳಿಯ ವಿಮಾನ ಅಲ್ಲಿಗೆ ಮುಟ್ಟುವ ಹೊತ್ತಿಗೂ ಕಠ್ಮಂಡುವಿನ ವಿಮಾನ ಹೊರಡುವ ಹೊತ್ತಿಗೂ ಮೂರರಿಂದ ಐದು ತಾಸಿನ ಅಂತರ ಎಲ್ಲಿ ಸಿಗುತ್ತದೋ ಅದೇ ಒಳ್ಳೆಯ ದಾರಿ. ಕಠ್ಮಂಡುವಿಗೆ ದೆಹಲಿಯಿಂದ ವಿಮಾನಗಳು ಹೆಚ್ಚು, ಹಾಗಾಗಿ ದೂರವಾದರೂ ದೆಹಲಿಯೇ ಎಷ್ಟೋ ಸಲ ಬೇಗ ಮುಟ್ಟಿಸುತ್ತದೆ.

ಕಠ್ಮಂಡುವಿಗೆ ಮಾತ್ರ ಸೂತ್ರದ ಮೇಲೆ ಇನ್ನೂ ಕಾಲು ತಾಸು ಇಟ್ಟುಕೊಳ್ಳಿ. ತ್ರಿಭುವನ ನಿಲ್ದಾಣ ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1338 ಮೀಟರ್ ಎತ್ತರದಲ್ಲಿದೆ. ಇರುವುದು ಒಂದೇ ರನ್‌ವೇ. ದೆಹಲಿಯಿಂದ ಬರುವ ವಿಮಾನಗಳು ಸಾಮಾನ್ಯವಾಗಿ ದಕ್ಷಿಣದ ಸಿಮರಾ ಕಡೆಗೆ ಬಂದು ಅಲ್ಲಿಂದ ಉತ್ತರಕ್ಕೆ ತಿರುಗಿ ಕಣಿವೆಗೆ ಇಳಿಯುತ್ತವೆ, ಆದ್ದರಿಂದ 815 ಕಿ.ಮೀ. ಎಂಬುದು ಕಾಗದದ ಮೇಲಿನ ದೂರ. ದಟ್ಟಣೆ ಇದ್ದಾಗ ಸರದಿಗಾಗಿ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ. ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ, ವಿಮಾನ ಬೆಟ್ಟದ ಮೇಲೆ ಸುತ್ತುತ್ತಿದ್ದರೆ ಗಾಬರಿಯಾಗುವುದಿಲ್ಲ.

ಹಂತ 6: ಎರಡು ಗಡಿಯಾರಗಳನ್ನು ಒಂದು ಮಾಡಿ

ಗದಗಿನ ಹಿರಿಯರೊಬ್ಬರು ದೆಹಲಿ–ಕಠ್ಮಂಡು ಟಿಕೆಟ್ ಮುಂದಿಟ್ಟು ಕೇಳಿದರು: “ತಮ್ಮಾ, ಹೋಗುಮುಂದ ಎರಡು ತಾಸು ಅಂತ ಐತಿ, ಬರುಮುಂದ ಒಂದೂವರಿ ತಾಸು ಅಂತ ಐತಿ. ಬರುಮುಂದ ಜೋರಿನ ವಿಮಾನ ಕೊಡ್ತಾರೇನು?”

“ವಿಮಾನ ಅದೇ ರೀ ಕಾಕಾ, ಗಡಿಯಾರ ಬ್ಯಾರೆ.”

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ಭಾರತದ ಗಡಿಯಾರ ಗ್ರೀನಿಚ್‌ಗಿಂತ 5 ತಾಸು 30 ನಿಮಿಷ ಮುಂದಿದೆ, ನೇಪಾಳದ್ದು 1986ರಿಂದ 5 ತಾಸು 45 ನಿಮಿಷ ಮುಂದೆ. ಅಂದರೆ ನಮಗಿಂತ ಸರಿಯಾಗಿ ಕಾಲು ತಾಸು ಮುಂದೆ. ಜಗತ್ತಿನಲ್ಲಿ ಹೀಗೆ ಮುಕ್ಕಾಲಿಗೆ ನಿಲ್ಲುವ ಗಡಿಯಾರಗಳು ಬಹಳ ಅಪರೂಪ.

ಉದಾಹರಣೆಗೆ ಹಿಡಿಯಿರಿ, ದೆಹಲಿಯಿಂದ 13:10ಕ್ಕೆ ಹೊರಟು ಕಠ್ಮಂಡುವಿಗೆ 15:10ಕ್ಕೆ ಮುಟ್ಟುತ್ತದೆ. ಕಳೆದರೆ 2 ತಾಸು, ಅದರಲ್ಲಿ 15 ನಿಮಿಷ ತೆಗೆದರೆ ನಿಜವಾದ ಪ್ರಯಾಣ 1:45. ಮರಳುವಾಗ ಕಠ್ಮಂಡು 16:10, ದೆಹಲಿ 17:45. ಕಳೆದರೆ 1:35, ಇದಕ್ಕೆ 15 ನಿಮಿಷ ಕೂಡಿಸಿದರೆ 1:50. ಟಿಕೆಟ್ಟಿನಲ್ಲಿ ಚಿಕ್ಕದಾಗಿ ಕಂಡ ಮರುಪ್ರಯಾಣವೇ ನಿಜಕ್ಕೂ ಐದು ನಿಮಿಷ ದೊಡ್ಡದು.

ಹೆಚ್ಚಿನ ಆ ಹೊತ್ತಿಗೆ ಗಾಳಿಯೂ ಕಾರಣ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಜೆಟ್ ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ತಾಸಿಗೆ 100 ಕಿ.ಮೀ. ಗಾಳಿ ಎಂದು ಹಿಡಿದರೂ ಹೋಗುವಾಗ ವೇಗ 900, ಬರುವಾಗ 700. ಅದೇ 815 ಕಿ.ಮೀ.ಗೆ ಹೋಗುವಾಗ 54 ನಿಮಿಷ, ಬರುವಾಗ 70 ನಿಮಿಷ. ಏರಿಳಿತದ ಹೊತ್ತು ಬಿಟ್ಟು ಸ್ಥೂಲವಾಗಿ ಹಾಕಿದ ಲೆಕ್ಕವಿದು, ಆದರೂ ಸಂಗತಿ ಸ್ಪಷ್ಟ. ಎಷ್ಟೋ ಟಿಕೆಟ್ಟುಗಳಲ್ಲಿ ಗಡಿಯಾರ ಈ ಗಾಳಿಯನ್ನು ಮುಚ್ಚಿಬಿಡುತ್ತದೆ.

ಬೇರೆ ನೆರೆ ದೇಶಗಳಿಗೆ ಹೋಗುವವರಿಗೆ: ಶ್ರೀಲಂಕಾದ ಗಡಿಯಾರ ನಮ್ಮದೇ. ಬಾಂಗ್ಲಾದೇಶ, ಭೂತಾನ್ ಅರ್ಧ ತಾಸು ಮುಂದೆ. ಮಾಲ್ಡೀವ್ಸ್ ಅರ್ಧ ತಾಸು ಹಿಂದೆ.

ಹಂತ 7: ಮಧ್ಯದ ನಿಲ್ದಾಣದ ಲೆಕ್ಕ

ಯಾತ್ರೆ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ಓದಿ.

ಮೊದಲು ನೋಡಬೇಕಾದ್ದು, ಹುಬ್ಬಳ್ಳಿಯಿಂದ ಕಠ್ಮಂಡುವಿನವರೆಗೆ ಒಂದೇ ಪಿಎನ್‌ಆರ್ ಇದೆಯೇ ಎಂಬುದು. ಒಂದೇ ಟಿಕೆಟ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಎರಡನೆಯ ಟಿಕೆಟ್ಟಿನ ಹಣ ಹೋದಂತೆಯೇ ಲೆಕ್ಕ. ಲಗೇಜೂ ಹಾಗೆಯೇ. ಒಂದೇ ಟಿಕೆಟ್ ಇದ್ದರೆ ಹುಬ್ಬಳ್ಳಿಯ ಕೌಂಟರಿನಲ್ಲೇ “ಬ್ಯಾಗ್ ಕಠ್ಮಂಡುವಿನವರೆಗೆ ಹೋಗುತ್ತದೆಯೇ?” ಎಂದು ಕೇಳಿ, ಬ್ಯಾಗಿಗೆ ಕಟ್ಟಿದ ಚೀಟಿಯಲ್ಲಿ ಕೆಟಿಎಂ ಅಕ್ಷರಗಳು ಇವೆಯೇ ಎಂದು ಕಣ್ಣಾರೆ ನೋಡಿ. ಡಿಇಎಲ್ ಎಂದಷ್ಟೇ ಇದ್ದರೆ ದೆಹಲಿಯಲ್ಲಿ ಬೆಲ್ಟಿನಿಂದ ತೆಗೆದು, ಹೊರಗೆ ಬಂದು, ಮತ್ತೆ ಕೊಡಬೇಕು. ಇಬ್ಬರು ಹಿರಿಯರು, ನಾಲ್ಕು ಬ್ಯಾಗು ಎಂದರೆ ಇದಕ್ಕೇ ಒಂದು ತಾಸು ಹಿಡಿಯಿರಿ.

ಎರಡನೆಯದು ಟರ್ಮಿನಲ್. ದೆಹಲಿಯಲ್ಲಿ ಅಂತರರಾಷ್ಟ್ರೀಯ ವಿಮಾನ ಹೊರಡುವುದು ಟರ್ಮಿನಲ್ 3ರಿಂದ. ಹುಬ್ಬಳ್ಳಿಯ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಅಲ್ಲಿಂದ ರಸ್ತೆ ಮೇಲೆ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಬೇಕು. ಟರ್ಮಿನಲ್ 2ರಿಂದಾದರೆ ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಹೋಗಿವೆ. ಮುಂಬೈಯಲ್ಲೂ ಅವು ಟರ್ಮಿನಲ್ 2ರಿಂದಲೇ ಹೊರಡುತ್ತವೆ, ಟರ್ಮಿನಲ್ 1ರಿಂದ ಅಲ್ಲಿಗೆ ಊರಿನ ರಸ್ತೆಯಲ್ಲಿ ಹೋಗಬೇಕು.

ಮೂರನೆಯದು ಕಾಗದ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರ ಕೈಯಲ್ಲಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಲೇಬೇಕು. ಅವರಿಗೆ ಆಧಾರ್ ನಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಆಧಾರ್ ತೋರಿಸಿ ವಿಮಾನ ಹತ್ತಿದವರು ದೆಹಲಿಯ ಕೌಂಟರಿನಲ್ಲಿ ನಿಂತುಬಿಡುವುದು ಈ ಕಾರಣಕ್ಕೆ. ಚೀಟಿಯ ಮೂಲ ಪ್ರತಿಯನ್ನೇ ಒಯ್ಯಿರಿ, ಟಿಕೆಟ್ಟಿನ ಹೆಸರು ಅದರಲ್ಲಿರುವಂತೆಯೇ ಇರಲಿ.

ಅಂತರರಾಷ್ಟ್ರೀಯ ವಿಮಾನದ ಕೌಂಟರ್ ಹೊರಡುವುದಕ್ಕೆ 60ರಿಂದ 75 ನಿಮಿಷ ಮುಂಚೆ ಮುಚ್ಚುತ್ತದೆ. ಒಂದೇ ಟಿಕೆಟ್ಟಾದರೆ 3 ತಾಸು, ಬೇರೆ ಟಿಕೆಟ್ಟಾದರೆ 5 ತಾಸಿನ ಅಂತರ ಇಡಿ ಎಂಬುದು ನನ್ನ ಸಲಹೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ನೆನಪಿನಲ್ಲಿರಲಿ. ಆಗ ವಯಸ್ಸಾದವರ ಜೊತೆ ಹೋಗುವುದಾದರೆ ದೆಹಲಿಯಲ್ಲಿ ಒಂದು ರಾತ್ರಿ ತಂಗುವುದೇ ಕ್ಷೇಮ.

ಹಂತ 8: ಮನೆ ಬಾಗಿಲಿನಿಂದ ಗುಡಿ ಬಾಗಿಲಿಗೆ

ಹಾವೇರಿಯ ಒಂದು ಮನೆಯ ಲೆಕ್ಕ ಹಾಕೋಣ. ಸಮಯಗಳು ಮಾದರಿಗೆ, ನಿಮ್ಮ ಟಿಕೆಟ್ಟಿನವನ್ನು ಇಟ್ಟುಕೊಳ್ಳಿ.

ಹಾವೇರಿಯಿಂದ ಗೋಕುಲ ರಸ್ತೆಗೆ ಕಾರಿನಲ್ಲಿ: 1:30
ಹುಬ್ಬಳ್ಳಿ ನಿಲ್ದಾಣದಲ್ಲಿ: 1:30
ಹುಬ್ಬಳ್ಳಿ–ದೆಹಲಿ: 2:30
ದೆಹಲಿಯಲ್ಲಿ ಅಂತರ: 4:00
ದೆಹಲಿ–ಕಠ್ಮಂಡು: 1:45
ಇಮಿಗ್ರೇಷನ್, ಲಗೇಜ್: 1:00
ಪಶುಪತಿನಾಥಕ್ಕೆ: 0:20

ಒಟ್ಟು 12 ತಾಸು 35 ನಿಮಿಷ. ಅದರಲ್ಲಿ ವಿಮಾನದೊಳಗೆ ಕೂರುವುದು 4:15, ಮೂರರಲ್ಲಿ ಒಂದು ಪಾಲು. ಕಡೆಯ ತುಂಡು ಇಷ್ಟು ಸಣ್ಣದಾಗಿರುವುದು ನಮ್ಮ ಪುಣ್ಯ, ಪಶುಪತಿನಾಥ ದೇವಾಲಯ ತ್ರಿಭುವನ ನಿಲ್ದಾಣಕ್ಕೆ ತೀರ ಹತ್ತಿರ.

ಗದಗಿನವರಿಗೆ ಮೊದಲ ತುಂಡು ಹಾವೇರಿಯವರದಕ್ಕಿಂತ ಸ್ವಲ್ಪ ಕಡಿಮೆ. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಹೊಸೂರಿನವರೆಗೆ ಬಂದು ಅಲ್ಲಿಂದ ಗೋಕುಲ ರಸ್ತೆಗೆ ಆಟೊ ಹಿಡಿಯಬಹುದು. ಲಗೇಜ್ ಹೆಚ್ಚಿದ್ದರೆ ಮನೆಯಿಂದಲೇ ಕಾರು ಲೇಸು. ಧಾರವಾಡದವರು ಬೆಳಗಾವಿಯ ಸಾಂಬ್ರಾ ನಿಲ್ದಾಣದ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ, ಅಂತರ ಚೆನ್ನಾಗಿ ಕೂಡಿಬಂದರೆ ಆ ರಸ್ತೆ ಪ್ರಯಾಣ ನಷ್ಟವಲ್ಲ. ಬೆಂಗಳೂರಿನ ಮೂಲಕ ಹೋಗುವುದಾದರೆ ಹುಬ್ಬಳ್ಳಿ–ಬೆಂಗಳೂರು ತುಂಡಿಗೆ ವಿಮಾನವೇ ಬೇಕೆಂದಿಲ್ಲ. ರಾತ್ರಿ ರೈಲೋ ಸ್ಲೀಪರ್ ಬಸ್ಸೋ ಹಿಡಿದರೆ ಬೆಳಗಿನ ವಿಮಾನಕ್ಕೆ ನಿಶ್ಚಿಂತೆಯಿಂದ ಮುಟ್ಟಬಹುದು.

ಇದೇ ಲೆಕ್ಕ ಕೊಲಂಬೊಗೆ

ಹುಬ್ಬಳ್ಳಿಯಿಂದ ಕೊಲಂಬೊ ನೇರ ದೂರ ಸುಮಾರು 1049 ಕಿ.ಮೀ. ಬೆಂಗಳೂರಿನ ಮೂಲಕ 371 ಮತ್ತು 710, ಒಟ್ಟು 1081. ಬಳಸು 32 ಕಿ.ಮೀ. ಮಾತ್ರ. ಬೆಂಗಳೂರು ಆ ದಾರಿಯ ಮೇಲೆಯೇ ಇದೆ, ಗಡಿಯಾರವೂ ಬದಲಾಗುವುದಿಲ್ಲ. ಇಲ್ಲಿ ದೆಹಲಿ, ಮುಂಬೈಯ ಯೋಚನೆಯೇ ಬೇಡ.

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕಡೆಯ ಭಾನುವಾರ ಬದಲಾಗುತ್ತದೆ. ಶಿವರಾತ್ರಿಗೆ ಹೋದವರು ಹೇಳಿದ ಸಮಯ ದಸರೆಗೆ ಹೋಗುವವರಿಗೆ ಹೊಂದದೇ ಇರಬಹುದು. ದೂರದ ಲೆಕ್ಕವನ್ನು ಒಮ್ಮೆ ಹಾಕಿಟ್ಟರೆ ಸಾಕು, ನಾಲ್ಕರಿಂದ ಎಂಟನೆಯ ಹಂತದವರೆಗಿನದನ್ನು ಟಿಕೆಟ್ ತೆಗೆಯುವ ಮುಂಚೆ ಹೊಸದಾಗಿ ಹಾಕಿ. ಹೊರಡುವ ಹಿಂದಿನ ದಿನ ಎರಡೂ ವಿಮಾನಗಳ ಸಮಯ, ಟರ್ಮಿನಲ್ ನೋಡಿ, ಒಂದು ಕಾಗದದ ಮೇಲೆ ಭಾರತದ ಸಮಯ, ನೇಪಾಳದ ಸಮಯ ಎಂದು ಬೇರೆ ಬೇರೆ ಬರೆದು ಹಿರಿಯರ ಕೈಗೆ ಕೊಡಿ.